ಹದಿನಾಲ್ಕು ಡಬರಿಗಳ ನಾಲೊಂಗೊ

ಮಸಾಕಾ ಊರಿನ ಕಿತೆಂಗಾ ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ಪಾದ್ರಿಗಿಂತ ಮೊದಲು, ಮೌಲ್ವಿಗಿಂತ ಮೊದಲು ಸುದ್ದಿ ಮುಟ್ಟುವುದು ನಾಲೊಂಗೊ ಪೆರೂಸಿ ನಕಬೂಗೊ ಅವರ ಮನೆಗೆ. ಆ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹದಿನಾಲ್ಕು ಡಬರಿಗಳಿವೆ. ತೀರ ಚಿಕ್ಕದರಲ್ಲಿ ನಲವತ್ತು ಜನಕ್ಕೆ ಹುರುಳಿಕಾಯಿ ಬೇಯಿಸಬಹುದು. ತೀರ ದೊಡ್ಡದರಲ್ಲಿ, ಕಸಾಯಿ ಅಂಗಡಿಯ ಹಾಜಿ ಅಬ್ದುನೂರು ಮುಕೀಬಿ ಹೇಳುವಂತೆ, ಒಬ್ಬ ಬಿಷಪ್ಪರನ್ನು ಕೂರಿಸಿ ಸ್ನಾನ ಮಾಡಿಸಬಹುದು. ಹಾಗೆ ಮಾಡಿದವರನ್ನು ನಾನು ನೋಡಿಲ್ಲ.

ಡಬರಿಗಳು ಬೀದಿಯ ಮುನ್ನೋ ಮುಕಾಬಿಯವು. ಕಷ್ಟಕ್ಕಾಗುವ ಗೆಳೆಯ ಎಂದು ಆ ಹೆಸರಿನ ಅರ್ಥ. ಸಾವಾದ ಮನೆಗೆ ಸದಸ್ಯರು ಹೋಗಿ ಗುಂಡಿ ತೋಡುತ್ತಾರೆ, ಸೌದೆ ಒಡೆಯುತ್ತಾರೆ, ಮಟೋಕೆ ಬಾಳೆಕಾಯಿ ಹೆರೆದು ಎಲೆಯಲ್ಲಿ ಕಟ್ಟಿ ಬೇಯಿಸುತ್ತಾರೆ. ಇನ್ನೊಬ್ಬರ ಸಾವಿಗೆ ಹೋಗದವರ ಸಾವಿಗೆ ಯಾರೂ ಬರುವುದಿಲ್ಲ. ಸಂಘದ ನಿಯಮಾವಳಿ ಇಷ್ಟೇ. ಉಳಿದದ್ದೆಲ್ಲ ಕಾರ್ಯದರ್ಶಿಗೆ ಕೈತುರಿಕೆ ಬಂದಾಗ ಬರೆದದ್ದು.

ನಾಲೊಂಗೊ ಎಂದರೆ ಅವಳಿ ಮಕ್ಕಳ ತಾಯಿ. ನಮ್ಮಲ್ಲಿ ಅದು ಡಾಕ್ಟರ್ ಪದವಿಗಿಂತ ದೊಡ್ಡದು, ಪಡೆಯುವುದೂ ಅದಕ್ಕಿಂತ ಕಷ್ಟ. ಆಕೆ ಇಪ್ಪತ್ತಾರು ವರ್ಷ ಹೆಣ್ಣುಮಕ್ಕಳ ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆ ತೊಳೆದವರು. ಅಲ್ಲಿ ಎರಡು ವಿದ್ಯೆ ಕಲಿತರು. ಬೆಳಕಿಗೆ ಹಿಡಿದು ನೋಡುವ ತನಕ ಯಾವ ಪಾತ್ರೆಯೂ ಶುದ್ಧವಲ್ಲ ಎಂಬುದು ಒಂದು. ವಿಜ್ಞಾನದ ಟೀಚರು ದಿನಕ್ಕೆ ನೂರು ಸಲ ಕೇಳುತ್ತಿದ್ದ "ಅದು ನಿಂಗೆ ಹೇಗೆ ಗೊತ್ತು?" ಎಂಬ ಪ್ರಶ್ನೆ ಇನ್ನೊಂದು. ಮೊದಲನೆಯದನ್ನು ಡಬರಿಗಳ ಮೇಲೆ ಪ್ರಯೋಗಿಸಿದರು, ಎರಡನೆಯದನ್ನು ಪಾದ್ರಿಯ ಮೇಲೆ.

ಪಾದ್ರಿ ಒಳ್ಳೆಯವರು. "ಗೊತ್ತಿಲ್ಲಮ್ಮ. ನಂಬ್ತೀನಿ, ಅಷ್ಟೇ" ಎಂದರಂತೆ.

"ಹಾಗಾದ್ರೆ ನೀವು ನಂಬ್ಕೊಂಡಿರಿ ಫಾದರ್. ನಾನು ಪಾತ್ರೆ ತೊಳ್ಕೊಂಡಿರ್ತೀನಿ."

ಜಗಳವಿಲ್ಲದೆ ಹೀಗೆ ದೇವರಿಂದ ಬೇರೆಯಾಗಿ ಆಕೆ ನಮ್ಮ ಮಾನವತಾವಾದಿಗಳ ಸಂಘಕ್ಕೆ ಬಂದರು. ನಾವು ಹನ್ನೊಂದು ಜನ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಸೇರುತ್ತೇವೆ. ಕುರ್ಚಿ ಹನ್ನೆರಡು. ಹನ್ನೆರಡನೆಯದು ಅಧ್ಯಕ್ಷರ ಚೀಲಕ್ಕೆ.

ಅಧ್ಯಕ್ಷರು ಎಜೆಕ್ಯೇರಿ ಲುಬ್ವಾಮಾ, ನಿವೃತ್ತ ಶಾಲಾ ಇನ್‌ಸ್ಪೆಕ್ಟರು. ನಿವೃತ್ತಿಯಾದದ್ದು ಕೆಲಸದಿಂದ, ತಪಾಸಣೆಯಿಂದಲ್ಲ. ಅವರ ಮನೆಯಲ್ಲಿ ಟೀ ಕುಡಿಯುವಾಗ ನಾನು ಈಗಲೂ ಉಗುರು ಮುಚ್ಚಿಟ್ಟುಕೊಳ್ಳುತ್ತೇನೆ. ದೇವರಿಲ್ಲದವರು ಯಾರಿಗೂ ಉಪಕಾರ ಮಾಡುವುದಿಲ್ಲ ಎಂದು ಊರು ಆಡಿಕೊಳ್ಳುತ್ತಿದೆ, ಅದಕ್ಕೆ ಉತ್ತರ ಕೊಡಬೇಕು ಎಂದು ಅವರು ಒಂದು ಯೋಜನೆ ಹೂಡಿದರು. ಪ್ರತಿಯೊಬ್ಬರೂ ತಾವು ಕೈಜೋಡಿಸಿರುವ ಸೇವಾ ಸಂಸ್ಥೆಯ ಬಗ್ಗೆ ಐದು ನಿಮಿಷ ಹೇಳಬೇಕು. ಎಲ್ಲರಿಗೂ ಮೆಚ್ಚುಗೆಯಾದ ಸಂಸ್ಥೆಗೆ ನಾವು ಹನ್ನೊಂದು ಜನವೂ ಮೂರು ತಿಂಗಳ ಶನಿವಾರಗಳನ್ನು ಕೊಡಬೇಕು.

ದಂತವೈದ್ಯ ಕಲಾಂಜಿ ಅವರು ಗುಡ್ಡದ ಮೇಲೆ ಗಿಡ ನೆಡುವ ತಂಡದ ಬಗ್ಗೆ ಹೇಳಿದರು. ಹತ್ತರಲ್ಲಿ ಏಳು ಗಿಡ ಆಡಿನ ಪಾಲಾಗಿದ್ದವು. ಉಳಿದ ಮೂರರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ನಾನು ಜೈಲಿನ ಓದುಗರ ಬಳಗದ ಬಗ್ಗೆ ಹೇಳಿದೆ. ನಾನಲ್ಲಿಗೆ ಹೋದದ್ದು ಎರಡೇ ಸಲ ಎಂಬುದನ್ನು ಯಾರೂ ಕೇಳಲಿಲ್ಲ, ನಾನಾಗಿ ಹೇಳುವ ಪ್ರಮೇಯ ಬರಲಿಲ್ಲ. ಲುಬ್ವಾಮಾ ಅವರು ಏಳು ಸಂಸ್ಥೆಗಳಿಗೆ ಮಹಾಪೋಷಕರು. ಏಳಕ್ಕೂ ಹೆಸರು ಕೊಟ್ಟಿದ್ದರು. ಬೇರೇನು ಕೊಟ್ಟರು ಎಂದು ತಿಳಿಯುವಷ್ಟರಲ್ಲಿ ಟೀ ಬಂತು.

ಕೊನೆಗೆ ನಾಲೊಂಗೊ ಎದ್ದರು. "ನಮ್ದು ಮುನ್ನೋ ಮುಕಾಬಿ. ಹದಿನಾಲ್ಕು ಡಬರಿ ಇದೆ. ಯಾರಾದ್ರೂ ಹೋದ್ರೆ ಅಡುಗೆ ಮಾಡ್ತೀವಿ. ಅಷ್ಟೇ." ಕೂತರು.

ಮಿಕ್ಕ ನಾಲ್ಕೂವರೆ ನಿಮಿಷವನ್ನು ಅಧ್ಯಕ್ಷರು ಬಳಸಿಕೊಂಡರು. "ಅಲ್ಲಿ ಸಭೆ ಪ್ರಾರ್ಥನೆಯಿಂದ ಶುರುವಾಗುತ್ತೋ?"

"ಹೌದು ಸ್ಸೆಬೊ. ಕ್ರೈಸ್ತರದು ಒಂದು, ಮುಸಲ್ಮಾನರದು ಒಂದು." ಸ್ಸೆಬೊ ಎಂದರೆ ನಮ್ಮಲ್ಲಿ ಸ್ವಾಮಿ ಎಂದಂತೆ.

"ಆಗ ನೀವೇನ್ ಮಾಡ್ತೀರಿ?"

"ಸುಮ್ನೆ ನಿಂತಿರ್ತೀನಿ. ನೀರು ಕಾಯೋಕೆ ಅಷ್ಟು ಹೊತ್ತು ಬೇಕೇ ಬೇಕಲ್ಲ."

ಮರುದಿನ ಗ್ರಂಥಾಲಯದ ಬಾಗಿಲಿಗೆ ಮೊಹರು ಒತ್ತಿದ ಪಟ್ಟಿಯೊಂದು ಅಂಟಿಕೊಂಡಿತು. ಕೊನೆಯ ಸಾಲು ಹೀಗಿತ್ತು: "ಪೆರೂಸಿ ನಕಬೂಗೊ, ನಿರೀಶ್ವರವಾದಿ. ಸಂಸ್ಥೆ: ಕಿತೆಂಗಾ ಮುನ್ನೋ ಮುಕಾಬಿ. ಷರಾ: ಪ್ರಾರ್ಥನೆಯಿಂದ ಆರಂಭವಾಗುತ್ತದೆ, ಸಹಿಸಲಾಗಿದೆ."

ಆ ಬಾಗಿಲಲ್ಲಿ ದಿನವೂ ಹಾದುಹೋಗುವ ಮಿಕಾಯಿರಿ ಸೆಂಡಗಾಲಾ ಇದನ್ನು ಓದಿದರು. ಚರ್ಚಿನಲ್ಲಿ ಬೈಬಲ್ ಓದುವವರು ಅವರೇ, ಮುನ್ನೋ ಮುಕಾಬಿಯ ಕಾರ್ಯದರ್ಶಿಯೂ ಅವರೇ. ಸಹಿಸಲಾಗಿದೆ ಎಂಬ ಮಾತು ಅವರಿಗೆ ಸಹಿಸಲಾಗಲಿಲ್ಲ. ಆ ಭಾನುವಾರವೇ ಮುನ್ನೋ ಮುಕಾಬಿಯಲ್ಲಿ ಹೊಸ ನಿಯಮ ಬಂತು: ಪದಾಧಿಕಾರಿಗಳೆಲ್ಲ ತಮ್ಮ ತಮ್ಮ ಧರ್ಮಗುರುವಿನಿಂದ ಒಂದು ವಾರದೊಳಗೆ ಪರಿಚಯಪತ್ರ ತರಬೇಕು. ತರದವರು ಕೊಟ್ಟಿಗೆಯ ಕೀಲಿ ಒಪ್ಪಿಸಬೇಕು. ಕೊಟ್ಟಿಗೆ ಇದ್ದದ್ದು ಒಬ್ಬರಿಗೇ.

ಇವತ್ತು ಕೀಲಿ ಹೋದರೆ ನಾಳೆ ಸದಸ್ಯತ್ವ ಹೋಗುತ್ತದೆ. ನಾಲೊಂಗೊಗೆ ಅದರ ಅರ್ಥ ಗೊತ್ತಿತ್ತು. ಆಕೆಗಿಂತ ಚೆನ್ನಾಗಿ ಅವರ ತಾಯಿಗೆ ಗೊತ್ತಿತ್ತು. ತೊಂಬತ್ತೊಂದರ ಆ ಮುದುಕಿ ಜಗಲಿಯ ಚಾಪೆಯ ಮೇಲೆ ಕೂತು ಪ್ರತಿ ಬೆಳಿಗ್ಗೆ ಒಂದೇ ಪ್ರಶ್ನೆ ಕೇಳತೊಡಗಿದರು.

"ಡಬರಿ ನಮ್ಮನೇಲೇ ಇದೆ ತಾನೆ?"

"ಇದೆ ಅಮ್ಮ."

"ನೋಡು ಪೆರೂಸಿ, ಸ್ವರ್ಗದ ಏರ್ಪಾಡು ನಾನು ಮಾಡ್ಕೊಂಡಿದೀನಿ, ಅದರ ಚಿಂತೆ ನಿಂಗೆ ಬೇಡ. ಗುಂಡಿ ತೋಡೋರು ಯಾರು, ಅದು ಹೇಳು. ಎಪ್ಪತ್ತು ವರ್ಷದಿಂದ ಊರವರ ಹೆಣಕ್ಕೆಲ್ಲ ಬಾಳೆಕಾಯಿ ಹೆರೆದಿದೀನಿ. ನಂಗೆ ನಾಲ್ಕೇ ಜನ ಬಂದ್ರೆ ನಾ ಎದ್ದು ಕೂತ್ಕೋತೀನಿ, ಹೇಳಿರ್ತೀನಿ."

ಬುಧವಾರ ನಾನು ಲುಬ್ವಾಮಾ ಅವರ ಮನೆಯಲ್ಲಿ ಉಗುರು ಮುಚ್ಚಿಕೊಂಡು ಟೀ ಕುಡಿಯುತ್ತಿದ್ದಾಗ ನಾಲೊಂಗೊ ಬಂದು, ಮಂಡಿಯೂರಿ ನಮಸ್ಕಾರ ಹೇಳಿ, ನೇರವಾಗಿ ವಿಷಯಕ್ಕೆ ಬಂದರು.

"ಸ್ಸೆಬೊ, ಧರ್ಮಗುರುಗಳಿಂದ ನಂಗೊಂದು ಕಾಗದ ಬೇಕಾಗಿತ್ತು."

"ಅದಕ್ಕೆ ಇಲ್ಲಿಗ್ಯಾಕೆ ಬಂದ್ರಿ?"

"ಹುಡುಕಿ ನೋಡ್ದೆ. ನಂಗಿರೋರು ನೀವೊಬ್ರೇ."

ಲುಬ್ವಾಮಾ ಕುರ್ಚಿಯಿಂದ ಎದ್ದೇಬಿಟ್ಟರು. "ನಾನು! ನಲವತ್ತು ವರ್ಷ ಧರ್ಮಗುರುಗಳ ವಿರುದ್ಧ ಹೋರಾಡ್ದೋನು ನಾನು!"

"ಗೊತ್ತು ಸ್ಸೆಬೊ. ಆದ್ರೆ ಬಾಗಿಲಿಗೆ ಚೀಟಿ ಅಂಟಿಸ್ದೋರೂ ನೀವೇ."

ಲುಬ್ವಾಮಾ ನಿಧಾನಕ್ಕೆ ಕೂತು ಕನ್ನಡಕ ಒರೆಸಿಕೊಂಡರು. ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಅವರಿಗಿಲ್ಲ, ಆದರೆ ತಪ್ಪು ಗುರುತಿಸುವುದು ಜೀವನವಿಡೀ ಮಾಡಿದ ಕೆಲಸ. "ಬರೀತೀನಿ" ಎಂದರು.

ಬರೆದರು. ಒಂಬತ್ತು ಪುಟ. ಸೃಷ್ಟಿಯ ಆರಂಭದಿಂದ, ಅಂದರೆ ಸೃಷ್ಟಿಯೇ ಆಗಿಲ್ಲ ಎಂಬಲ್ಲಿಂದ, ಶುರು ಮಾಡಿದ್ದರು. ನಾಲೊಂಗೊ ಹೆಸರು ಎಂಟನೆಯ ಪುಟದಲ್ಲಿ ಬರುತ್ತಿತ್ತು. ಇಂಥದ್ದನ್ನು ಬೇರೆಯವರು ಓದಿದರೆ ಕೆಡುತ್ತದೆ ಎಂದು ಭಾನುವಾರ ಸೂಟು ತೊಟ್ಟು ತಾವೇ ಹೊರಟರು. ಚೀಲ ಹೊರಲು ನಾನು.

ಮುನ್ನೋ ಮುಕಾಬಿ ಹಾಜಿಯವರ ಅಂಗಡಿಯ ಹಿತ್ತಿಲಲ್ಲಿ, ಹಲಸಿನ ಮರದಡಿ ಸೇರಿತ್ತು. ಅರವತ್ತು ಜನರಿದ್ದರು. ಪ್ರಾರ್ಥನೆ ಎರಡೂ ಮುಗಿದವು. ಲುಬ್ವಾಮಾ ಓದತೊಡಗಿದರು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಮಕ್ಕಳು ಎದ್ದುಹೋದವು. ಮೂರನೆಯದಕ್ಕೆ ಮುನ್ನೋ ಮುಕಾಬಿಯ ಅಧ್ಯಕ್ಷರಾದ ಹಾಜಿ ಕೈ ಎತ್ತಿ, ಹಿರಿಯರನ್ನು ಕರೆಯುವಂತೆ ಮುಕುಲು ಎಂದು ಕರೆದರು.

"ಸಾಕು ಮುಕುಲು, ಕಾಗದ ಇದೆ ಅಂತ ಗೊತ್ತಾಯ್ತು. ತಮ್ಮನೆ ಎಲ್ಲಿ?"

"ಗುಡ್ಡದ ಮೇಲೆ. ಕೆಂಪು ಗೇಟಿನ ಮನೆ."

"ಅಲ್ಲಿ ಯಾವ ಮುನ್ನೋ ಮುಕಾಬೀಲಿ ಇದೀರಿ?"

"ನಾನು ಯಾವುದರಲ್ಲೂ ಇಲ್ಲ."

ಒಬ್ಬ ಅಜ್ಜಿ ಎದೆ ಮೇಲೆ ಕೈಯಿಟ್ಟುಕೊಂಡು "ಯಾವ್ದ್ರಲ್ಲೂ?" ಎಂದರು. ಸೆಂಡಗಾಲಾ ಅವರಿಗಂತೂ ದೇವರೇ ಮರೆತುಹೋದ.

"ದೇವರನ್ನ ಬಿಟ್ರಿ, ಇರ್ಲಿ, ಅದು ನಿಮ್ಮಿಬ್ಬರ ವಿಷ್ಯ" ಎಂದರು ಹಾಜಿ. "ನೆರೆಹೊರೆಯೋರನ್ನೂ ಬಿಟ್ರಾ? ನಿಮ್ಮನ್ನ ಹೂಳೋರು ಯಾರು?"

"ವ್ಯವಸ್ಥೆ ಆಗಿದೆ. ಕಾರ್ಯಕ್ರಮದ ಪಟ್ಟಿ ಅಚ್ಚು ಹಾಕಿಸಿಟ್ಟಿದೀನಿ. ಸ್ವಾಗತ, ವಾಚನ, ಎರಡು ಭಾಷಣ..."

"ಗುಂಡಿ?"

ಲುಬ್ವಾಮಾ ನಾಲ್ಕನೆಯ ಪುಟ ತಿರುವಿ ನೋಡಿದರು.

"ಸೌದೆ? ಬಂದೋರಿಗೆ ಊಟ? ಭಾಷಣ ಕೇಳಿ ಹಸಿವಾಗಲ್ವಾ?"

ಸೆಂಡಗಾಲಾ ಎದ್ದರು. "ಅಧ್ಯಕ್ಷರೇ, ಯಾರ ಲೆಕ್ಕಕ್ಕೂ ಸೇರದೋರು ಬರೆದ ಕಾಗದ ನಡಿಯಲ್ಲ. ಕೀಲಿ ಕೊಡ್ಬೇಕು."

ಹಾಜಿ ನೆಲ ನೋಡಿದರು. ನಿಯಮ ಅವರೇ ಸಹಿ ಹಾಕಿದ್ದು. ನಾಲೊಂಗೊ ಸೊಂಟದಿಂದ ಕೀಲಿ ಬಿಚ್ಚಿ ಚಾಪೆಯ ನಡುವೆ ಇಟ್ಟರು.

"ಯಾರು ತಗೋತೀರೋ ಕೇಳ್ಕೊಳಿ. ನಾಲ್ಕನೇ ಡಬರಿ ಹಿಡಿ ಹತ್ರ ಸೋರುತ್ತೆ, ಉಕ್ಕೋ ತನಕ ತುಂಬಬೇಡಿ. ಏಳನೇದ್ರಲ್ಲಿ ಕಾಳು ಬೇಡ, ತಳ ಹಿಡಿಯುತ್ತೆ. ಹಾಜಿಯೋರ ಕಡೆ ಮಾಂಸಕ್ಕೆ ಎರಡು ಬೇರೆ ಇಟ್ಟಿದೀನಿ, ಅದ್ರಲ್ಲಿ ಬೇರೇನೂ ಬೇಯಿಸಕೂಡದು. ಮಸಿ ಅವತ್ತೇ ತೆಗೀಬೇಕು. ಇಲಿ ಬರ್ದೇ ಇರೋಕೆ ದಿನಾ ಒಂದ್ಸಲ ಎಲ್ಲಾ ಬೋರಲು ಹಾಕಿ ನೋಡ್ಬೇಕು."

ಕೀಲಿ ಚಾಪೆಯ ಮೇಲೇ ಇತ್ತು. ಹಾಜಿ ಸೆಂಡಗಾಲಾ ಕಡೆ ತಿರುಗಿದರು. "ತಗೋಳಿ, ಕಾರ್ಯದರ್ಶಿಗಳೇ."

"ನಮ್ಮನೇಲಿ ಜಾಗ... ಹೆಂಡ್ತೀಗೆ ಬೇರೆ ಬೆನ್ನುನೋವು..."

ಅವರು ಆಚೀಚೆ ನೋಡಿದರು. ಆಚೀಚೆಯವರು ಹಲಸಿನ ಕಾಯಿ ಎಣಿಸುತ್ತಿದ್ದರು.

"ಕೀಲಿ ಯಾರೂ ಮುಟ್ಟಿಲ್ಲ" ಎಂದರು ನಾಲೊಂಗೊ. "ಅಂದ್ರೆ ನಾನಿನ್ನೂ ಪದಾಧಿಕಾರಿ. ಪದಾಧಿಕಾರಿ ಹೊಸ ಸದಸ್ಯರನ್ನ ಸೇರಿಸಬೌದು ತಾನೆ? ಈ ಸ್ಸೆಬೊನ ಸೇರಿಸ್ಕೊಳ್ಳಿ, ನಾನು ಜಾಮೀನು. ಸೇರಿದ್ಮೇಲೆ ಅವರ ಕಾಗದ ನಡಿಯುತ್ತೆ."

ಹಾಜಿ ಇದನ್ನು ಬೆರಳಲ್ಲಿ ಎರಡು ಸಲ ಲೆಕ್ಕ ಹಾಕಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. "ಅವರ ಹೆಗಲ ಮೇಲೆ ಇವರು, ಇವರ ಹೆಗಲ ಮೇಲೆ ಅವರು! ನೆಲದ ಮೇಲೆ ನಿಂತಿರೋರು ಯಾರ್ರೀ?"

"ಗುಡ್ಡ ನಮ್ಮ ಬೀದಿ ಅಲ್ಲ" ಎಂದರು ಸೆಂಡಗಾಲಾ, ಕೊನೆಯ ಪ್ರಯತ್ನವಾಗಿ.

"ಅಲ್ಲಿನ ಮಳೆನೀರು ನಮ್ಮ ಬೀದಿಗೇ ಬರುತ್ತಲ್ಲ ಸ್ವಾಮಿ, ಅವರೂ ಬರ್ಲಿ. ಏನಂತೀರಿ ಮುಕುಲು? ಹೊಸಬ್ರು ಒಂದು ವರ್ಷ ಮಸಿ ಉಜ್ಜಬೇಕು. ಆಮೇಲೆ ಸೌದೆಗೆ ಬಡ್ತಿ."

ಲುಬ್ವಾಮಾ ನನ್ನ ಕಡೆ ನೋಡಿದರು. ನಾನು ಚೀಲದ ಕಡೆ ನೋಡಿದೆ. ಅವರು ಚಾಪೆಯ ಮೇಲಿನ ಕೀಲಿಯನ್ನೂ, ಅದರಾಚೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ನಾಲೊಂಗೊ ಅವರನ್ನೂ ನೋಡಿ, ಒಂಬತ್ತು ಪುಟಗಳನ್ನು ಮಡಚಿ ಜೇಬಿಗಿಟ್ಟರು.

"ಸರಿ" ಎಂದರು. ಅವರ ಬಾಯಲ್ಲಿ ನಾನು ಕೇಳಿದ ಅತಿ ಚಿಕ್ಕ ಭಾಷಣ ಅದು.

ಮೂರು ವಾರಕ್ಕೆ ಸೆಂಡಗಾಲಾ ಅವರ ಅತ್ತೆ ತೀರಿಕೊಂಡರು. ಆ ದಿನ ಶನಿವಾರ; ನಮ್ಮ ಯೋಜನೆಯ ಶನಿವಾರಗಳೆಲ್ಲ ಮುನ್ನೋ ಮುಕಾಬಿಗೇ ಎಂದು ಅಷ್ಟರಲ್ಲಿ ತೀರ್ಮಾನವಾಗಿತ್ತು. ನಾವು ಹನ್ನೊಂದು ಜನವೂ ಹೋದೆವು. ಕಲಾಂಜಿ ಗುಂಡಿ ತೋಡಿದರು, ಹಲ್ಲು ಕೀಳುವ ಎಚ್ಚರದಲ್ಲಿ ತೋಡಿದ್ದರಿಂದ ತಡವಾಯಿತು. ನಾನು ಬಾಳೆಕಾಯಿ ಹೆರೆದೆ. ಲುಬ್ವಾಮಾ ಸೂಟಿನ ತೋಳು ಮಡಚಿ, ಬೂದಿ ಮತ್ತು ಬಾಳೆನಾರು ಹಿಡಿದು, ಬಿಷಪ್ಪರ ಡಬರಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಸೆಂಡಗಾಲಾ ತಾವೇ ನೀರು ಸುರಿದರು. ನೀರು ಸರಿಯಾದ ಜಾಗಕ್ಕೇ ಬೀಳುತ್ತಿತ್ತು. ಉಜ್ಜಿದ ಡಬರಿಯನ್ನು ನಾಲೊಂಗೊ ಬಿಸಿಲಿನ ಕಡೆ ವಾಲಿಸಿ ನೋಡಿದರು.

"ತಳದಲ್ಲಿ ಇನ್ನೂ ಇದೆ ಸ್ಸೆಬೊ."

ಇನ್‌ಸ್ಪೆಕ್ಟರು ಬೂದಿ ಎತ್ತಿಕೊಂಡು ಮತ್ತೆ ಕೂತರು.

ಮರುದಿನ ಜಗಲಿಯ ಮುದುಕಿ ಮಗಳನ್ನು ಕೇಳಿದರು. "ಡಬರಿ ನಮ್ಮನೇಲೇ ಇದೆ ತಾನೆ?"

"ಇದೆ ಅಮ್ಮ. ಗುಡ್ಡದೋರೂ ಇದಾರೆ ಈಗ. ಅವರ ಜೊತೆಯೋರೂ ಸೇರಿ ಹೊಸದಾಗಿ ಹತ್ತು ಜನ."

"ಅವರಿಗೆ ಗುಂಡಿ ತೋಡೋಕೆ ಬರುತ್ತೇನೇ?"

"ಕಲೀತಾ ಇದಾರೆ."

ಮುದುಕಿ ಚಾಪೆಯ ಮೇಲೆ ಆರಾಮವಾಗಿ ಕಾಲು ಚಾಚಿಕೊಂಡರು.

"ಹಾಗಾದ್ರೆ ಚೆನ್ನಾಗಿ ಕಲೀಲಿ. ನಂಗೇನೂ ಅವಸರ ಇಲ್ಲ."