ಹುಣಸೆಹಣ್ಣಿನಿಂದ ಬಚಾವಾದ ಡಾಲರ್

ಬೆಳಿಗ್ಗೆ ಆರು ಗಂಟೆ. ಸಿಡ್ನಿ ನಗರದ ನಡುವಿನ ಒಂದು ನಾಣ್ಯ ಹರಾಜು ಸಂಸ್ಥೆಯ ನೆಲಮಾಳಿಗೆ. ಮೇಜುದೀಪದ ಕೆಳಗೆ ಶಾಂಭವಿ ಶೇಟ್ ಕಪ್ಪಗಿನ ಬೆಳ್ಳಿ ನಾಣ್ಯವೊಂದನ್ನು ಅಂಚಿನಲ್ಲಷ್ಟೇ ಹಿಡಿದು ತಿರುಗಿಸುತ್ತಿದ್ದಾರೆ. "ಮಾತಾಡ್ಬೇಡಿ ಮಾರಾಯ್ರೆ, ಎಂಜಲು ಹಾರಿದ್ರೆ ಕಲೆ ಕೂತ್ಕೊಳ್ತದೆ," ಎಂದು ನನ್ನನ್ನು ಎರಡು ಹೆಜ್ಜೆ ಹಿಂದಕ್ಕಟ್ಟುತ್ತಾರೆ. ಬಾಯಿ ಮುಚ್ಚಿಕೊಂಡು ನೋಡುತ್ತೇನೆ. ಅಬ್ಬಾ, 1799ರ ಅಮೆರಿಕನ್ ಡಾಲರ್! ಹತ್ತು ಗಂಟೆಗೆ ಇದು ಹರಾಜಾಗಲಿದೆ.

ಇಷ್ಟು ಬೇಗ ಯಾಕೆ ಬರುತ್ತೀರಿ ಎಂದರೆ ಕಂಪ್ಯೂಟರ್ ಕಡೆ ಕೈ ತೋರಿಸುತ್ತಾರೆ. ಅಮೆರಿಕದಲ್ಲಿ ಸಂಜೆಯ ಹರಾಜು ನಡೆಯುವಾಗ ಇಲ್ಲಿ ಬೆಳಗಾಗಿರುತ್ತದೆ. ಅಲ್ಲಿನ ದರ ನೋಡಿಕೊಂಡೇ ಇಲ್ಲಿ ಅಂದಾಜು ಬೆಲೆ ಕಟ್ಟಬೇಕು. ದಿನಕ್ಕೆ ನಲವತ್ತು ನಾಣ್ಯ ತೂಗಿ, ನೋಡಿ, ಪ್ರತಿಯೊಂದಕ್ಕೂ ನಾಲ್ಕು ಸಾಲು ಬರೆಯುವುದು ಶಾಂಭವಿಯವರ ಕೆಲಸ. ಹನ್ನೊಂದು ವರ್ಷದಿಂದ ಬರೆಯುತ್ತಿದ್ದಾರೆ, ಕ್ಯಾಟಲಾಗ್‌ನ ಯಾವ ಪುಟದಲ್ಲೂ ಅವರ ಹೆಸರಿಲ್ಲ.

ಊರು ಕುಮಟಾ. ಅಪ್ಪ ಅಕ್ಕಸಾಲಿಗರು. ಅಕೌಂಟಿಂಗ್ ಓದಲು ಸಿಡ್ನಿಗೆ ಬಂದವರು ರೆಂಟ್ ಕಟ್ಟುವ ಸಲುವಾಗಿ ಇಲ್ಲಿ ನಾಣ್ಯ ಎಣಿಸಲು ಸೇರಿದರು. ಸೇರಿದ ವಾರವೇ ದೀಪಾವಳಿ. ಕಪ್ಪುಗಟ್ಟಿದ್ದ ಹಳೆಯ ಅಮೆರಿಕನ್ ಅರ್ಧ ಡಾಲರ್ ನಾಣ್ಯವೊಂದನ್ನು ಕಂಡು ಸುಮ್ಮನಿರಲಾಗಲಿಲ್ಲ. ಮನೆಯಿಂದ ಹುಣಸೆಹಣ್ಣು ತಂದು ಫಳಫಳ ಹೊಳೆಯುವ ಹಾಗೆ ತಿಕ್ಕಿ ಸಂಸ್ಥೆಯ ಮಾಲೀಕರ ಮೇಜಿನ ಮೇಲಿಟ್ಟರು.

"ಬೈದಿದ್ರೆ ಬೇಜಾರಿರಲಿಲ್ಲ. ಪಾಪ, ಅಳೋ ಹಾಗಾದ್ರು. ಇದನ್ನ ನೀನೇ ಇಟ್ಕೋ, ನೆನಪಿರಲಿ ಅಂದ್ರು," ಎಂದು ಶಾಂಭವಿ ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಆ ಕಪ್ಪು ಕೊಳೆಯಲ್ಲ, ಇನ್ನೂರು ವರ್ಷ ಗಾಳಿ ಕುಡಿದು ಬೆಳ್ಳಿ ತಳೆದ ಬಣ್ಣ. ತಿಕ್ಕಿದರೆ ಬೆಲೆ ಅರ್ಧಕ್ಕರ್ಧ ಢಮಾರ್. "ಎಷ್ಟು ಅಚ್ಚು ಹಾಕಿದ್ರು ಅನ್ನೋದು ಮುಖ್ಯ ಅಲ್ಲ. ಎಷ್ಟೋ ಕರಗಿ ಹೋಗಿವೆ. ಉಳಿದದ್ರಲ್ಲಿ ಯಾರ ಕೈಗೂ ಸಿಕ್ಕಿ ಬೆಳ್ಳಗಾಗದೆ ಇರೋದು ಎಷ್ಟು? ಅದಕ್ಕೇ ಜನ ಸಾಯ್ತಾರೆ!"

ಇಂದು ಹರಾಜಾಗುವ ಡಾಲರ್ ಬೆಳ್ಳಗಾಗುವುದು ಕೂದಲೆಳೆಯಲ್ಲಿ ತಪ್ಪಿದೆ. ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ಟ್ಯಾಕ್ಸಿ ಚಾಲಕ ಗೋಪಾಲ ಆಗಸ್ಟ್‌ನಲ್ಲಿ ಯಾರೋ ಮನೆಯ ಬೇಡದ ಸಾಮಾನು ಮಾರುತ್ತಿದ್ದ ಗ್ಯಾರೇಜ್ ಸೇಲ್‌ನಲ್ಲಿ ಹಳೆ ನಾಣ್ಯಗಳ ಡಬ್ಬಿಯೊಂದನ್ನು ಕೊಂಡು ತಂದಿದ್ದರು. ಒಂದರ ಮೇಲೆ ಹೆಣ್ಣಿನ ಮುಖ ನೋಡಿ ಹೆಂಡತಿ ಲಕ್ಷ್ಮಮ್ಮ ಅದನ್ನು ಲಕ್ಷ್ಮಿಯೆಂದೇ ದೇವರ ತಟ್ಟೆಗೆ ಸೇರಿಸಿದರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಬೆಳಿಗ್ಗೆ, ತೊಳೆಯಲಿಟ್ಟ ಬೆಳ್ಳಿ ಸಾಮಾನಿನ ಫೋಟೋವನ್ನು ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದರು. ಪಕ್ಕದಲ್ಲೇ ಬಟ್ಟಲು ತುಂಬ ನೆನೆಸಿದ ಹುಣಸೆಹಣ್ಣು!

ಹತ್ತಿರದ ಮಾರ್ಸ್ಡನ್ ಪಾರ್ಕ್ ಬಡಾವಣೆಯ ತಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ಶಾಂಭವಿ ಫೋಟೋ ನೋಡಿ ಎದ್ದು ನಿಂತರು. ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ರಾತ್ರಿಯ ಉಡುಪಿನಲ್ಲೇ ಕಾರು ಹತ್ತಿ ಹೋಗಿ ಬಾಗಿಲು ಬಡಿದರು. ಲಕ್ಷ್ಮಮ್ಮ ಬಾಗಿಲು ತೆಗೆದಾಗ ಕೈತುಂಬ ಹುಣಸೆ ರಸ.

"ಆಂಟೀ, ಆ ಕಪ್ಪು ನಾಣ್ಯ ಮುಟ್ಟಿದ್ರಾ?"

"ಇಲ್ಲ ಕಣಮ್ಮ, ಈಗ ಕಲಶದ ಚೊಂಬು ಆಯ್ತು. ಮುಂದಿಂದು ಅದೇ. ಯಾಕಮ್ಮ, ಏನಾಯ್ತು?"

ಶಾಂಭವಿ ಒಳಗೆ ನುಗ್ಗಿ ನಾಣ್ಯವನ್ನು ಅಂಚಿನಲ್ಲಿ ಹಿಡಿದೆತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಇದನ್ನು ತೊಳೆಯಲೇಬೇಡಿ ಎಂದರಂತೆ.

ಹಳೆಯ ಅಮೆರಿಕನ್ ಡಾಲರ್ ಎಂದು ಕಳೆದ ವರ್ಷ ಅವರ ಮುಂದೆ ಬಂದದ್ದು ಮೂವತ್ತೆಂಟು, ಅದರಲ್ಲಿ ಅಸಲಿ ಬರೀ ಆರು. ಹಬ್ಬ ಮುಗಿದ ಮೇಲೆ ಹರಾಜು ಸಂಸ್ಥೆಗೆ ಬಂದ ಲಕ್ಷ್ಮಮ್ಮನ ನಾಣ್ಯದ ತೂಕ ಸರಿಯಿತ್ತು. ಅಂಚಿನ ಸುತ್ತ ಬೆಲೆಯ ಅಕ್ಷರಗಳೂ ಇದ್ದವು. ಆದರೆ ಮುಖದ ಮೇಲೆ ಸಣ್ಣ ಗೆರೆಗಳು. ಯಾರೋ ಕೆರೆದಿದ್ದಾರೆ, ಬೇಡ ಎಂದರು ಮಾಲೀಕರು. ಶಾಂಭವಿ ಬಿಡಲಿಲ್ಲ.

"ಅಪ್ಪ ತೂಕ ಜಾಸ್ತಿಯಾದ್ರೆ ಅರ ಹಾಕಿ ತೆಗೀತಿದ್ರು. ಟಂಕಸಾಲೆಯವರೂ ಹಾಗೇ ಮಾಡಿ, ಆಮೇಲೆ ಅಚ್ಚು ಒತ್ತಿದ್ದು. ಗೆರೆ ಅಚ್ಚಿನ ಅಡಿಗಿದೆ ನೋಡಿ, ಮೇಲಲ್ಲ. ಇದು ಹುಟ್ಟಿನಿಂದಲೇ ಬಂದ ಮಚ್ಚೆ!"

ಮಾಲೀಕರು ಭೂತಕನ್ನಡಿ ಹಿಡಿದು ನೋಡಿ ಒಪ್ಪಿದರು. ಅಂದಾಜು ಬೆಲೆ ಮೂರೂವರೆ ಸಾವಿರ ಆಸ್ಟ್ರೇಲಿಯನ್ ಡಾಲರ್ ಎಂದಾಯಿತು.

ಹತ್ತು ಗಂಟೆ. ಕೊನೆಯ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟ ಲಕ್ಷ್ಮಮ್ಮ, ಪಕ್ಕದಲ್ಲಿ ಗೋಪಾಲ. ದೋಸೆ ಹಿಟ್ಟು ಮಾರುವ ಲಕ್ಷ್ಮಮ್ಮನ ಮನೆಯ ಗ್ರೈಂಡರ್ ಸುಟ್ಟು ತಿಂಗಳಾಗಿದೆ. ದೊಡ್ಡ ಗ್ರೈಂಡರ್‌ಗೆ ನಾಲ್ಕು ಸಾವಿರ ಬೇಕು. ಕೂಗು ಎರಡು ಸಾವಿರದಿಂದ ಶುರುವಾಗುತ್ತದೆ. ಮೂರೂವರೆಯಲ್ಲಿ ಸಭಾಂಗಣ ತಣ್ಣಗಾಗುತ್ತದೆ. ಅಯ್ಯೋ, ಇಷ್ಟೇನಾ! ಅಷ್ಟರಲ್ಲಿ ಮೆಲ್ಬರ್ನ್‌ನಿಂದ ಫೋನಿನಲ್ಲಿ ಒಬ್ಬರು, ಅಮೆರಿಕದಿಂದ ಆನ್‌ಲೈನ್‌ನಲ್ಲಿ ಇನ್ನೊಬ್ಬರು ಹಟಕ್ಕೆ ಬೀಳುತ್ತಾರೆ. ನಾಲ್ಕು. ನಾಲ್ಕೂವರೆ. ಐದು. ಐದು ಸಾವಿರದ ಇನ್ನೂರಕ್ಕೆ ಮೆಲ್ಬರ್ನ್‌ನವರ ಪಾಲು! ಲಕ್ಷ್ಮಮ್ಮ ಗಂಡನ ತೋಳನ್ನು ಹಿಂಡಿಬಿಡುತ್ತಾರೆ. ನಾನೂ ಚಪ್ಪಾಳೆ ಹೊಡೆದು ಬೈಸಿಕೊಳ್ಳುತ್ತೇನೆ.

"ಹಬ್ಬದ ದಿನ ಆಯಮ್ಮನ್ನ ತೊಳೀದೆ, ಅರಿಶಿನ ಕುಂಕುಮಾನೂ ಇಡ್ದೆ, ಕವರ್‌ನಲ್ಲೇ ಕೂರ್ಸಿ ಪೂಜೆ ಮಾಡಿದ್ನಲ್ಲಮ್ಮ. ಮನಸ್ಸು ಹೆಂಗೆ ಕಿತ್ಕೊಂತಿತ್ತು ಗೊತ್ತಾ?" ಎನ್ನುತ್ತ ಲಕ್ಷ್ಮಮ್ಮ ಶಾಂಭವಿಯ ಕೈ ಹಿಡಿದುಕೊಳ್ಳುತ್ತಾರೆ.

ಕ್ಯಾಟಲಾಗ್‌ನಲ್ಲಿ ನಿಮ್ಮ ಹೆಸರು ಬರಬೇಕು ಅನ್ನಿಸೋದಿಲ್ಲವೇ ಎಂದು ಶಾಂಭವಿಯವರನ್ನು ಕೇಳುತ್ತೇನೆ.

"ಹೆಸರು ತಗೊಂಡು ಏನ್ಮಾಡ್ಲಿ? ನಮ್ಮ ಆಂಟಿಯಂದಿರು ಹುಣಸೆಹಣ್ಣು ನೆನೆಸೋ ಮುಂಚೆ ನಂಗೊಂದು ಫೋನ್ ಮಾಡಿದ್ರೆ ಸಾಕು."

ಮತ್ತೆ ಆ ಅರ್ಧ ಡಾಲರ್? ಅದು ಅವರ ಮನೆಯ ದೇವರ ತಟ್ಟೆಯಲ್ಲಿದೆ.

"ಅದನ್ನ ಮಾತ್ರ ಪ್ರತಿ ದೀಪಾವಳಿಗೂ ಚೆನ್ನಾಗಿ ತಿಕ್ಕಿ ತೊಳೀತೇನೆ," ಎನ್ನುತ್ತಾರೆ ಶಾಂಭವಿ. "ಕೆಲಸ ಕಲಿಸಿದ್ದು ಅದೇ ಅಲ್ವಾ?"