ನಲವತ್ತೊಂದು ಬಿಳಿ ಚೀಟಿ

ಬೆಳಗಿನ ಆರು ಗಂಟೆ. ಸಾಗರ ಸಂಶೋಧನಾ ಕೇಂದ್ರದ ಮೂರನೇ ಮಹಡಿಯಲ್ಲಿ ಒಂದೇ ದೀಪ. ಲಿಫ್ಟ್ ಓಡಾಡತೊಡಗಿದರೆ ಗಾಜಿನ ತಟ್ಟೆಯ ನೀರು ನಡುಗುತ್ತದೆಂದು ಆಕೆ ಇಷ್ಟು ಬೇಗ ಬಂದು ಕೂರುತ್ತಾರೆ. ಕಣ್ಣು ಸೂಕ್ಷ್ಮದರ್ಶಕದಲ್ಲಿ, ಹೆಬ್ಬೆರಳು ಎಣಿಕೆಯ ಗುಂಡಿಯ ಮೇಲೆ. ಟಕ್, ಟಕ್. ಎಳ್ಳಿಗಿಂತ ಸಣ್ಣ ಜೀವಿಗಳು: ಸಿಗಡಿಯ ನೆಂಟರು, ಏಡಿಮರಿಗಳು, ಮೀನಿನ ಮೊಟ್ಟೆಗಳು.

ಕೇಂದ್ರದಲ್ಲಿ ಇವರನ್ನು 'ಪೆನ್ಸಿಲಕ್ಕ' ಎನ್ನುತ್ತಾರೆ. ನಡುಗಡಲಿನ ಒಂಟಿ ದ್ವೀಪಗಳ ಸುತ್ತ ಬಲೆಯಾಡಿಸಿ ತಂದ ಪ್ರಾಣಿಪ್ಲವಕಗಳನ್ನು, ಅಂದರೆ ನೀರು ಒಯ್ದತ್ತ ತೇಲುವ ಈ ಪುಟ್ಟ ಪ್ರಾಣಿಗಳನ್ನು, ಇಪ್ಪತ್ತಮೂರು ವರ್ಷಗಳಿಂದ ಎಣಿಸುತ್ತಿದ್ದಾರೆ. ದಿನಕ್ಕೆ ಎರಡು ಶೀಶೆ, ಸುಮಾರು ಮೂರು ಸಾವಿರ ಜೀವಿ. ವರದಿಗಳಲ್ಲಿ ಇವರ ಹೆಸರಿಲ್ಲ. "ದಿನಾ ಹುಳ ಎಣಿಸಿ ಏನೇ ಸಿಕ್ತು ಅಂತಾಳೆ ನನ್ನ ತಂಗಿ. ಕತ್ತುನೋವು ಸಿಕ್ತಲ್ಲೇ ಅಂತೀನಿ."

ಮೂರು ವಾರಗಳಿಂದ ಅವರಿಗೆ ತಡೆಯಲಾರದ ಸಿಟ್ಟು. ಬಲೆ ಎಲ್ಲಿ, ಯಾವಾಗ ಹಾಕಿದ್ದೆಂದು ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಶೀಶೆಯೊಳಗೇ ಹಾಕಬೇಕು. ಜೀವಿಗಳು ಕೆಡದಂತೆ ಶೀಶೆಗೆ ತುಂಬುವ ಔಷಧದ ನೀರಿನಲ್ಲಿ ಪೆನ್ನಿನ ಶಾಯಿ ಕರಗಿಹೋಗುತ್ತದೆ. ಈ ಸಲ ಒಂದು ದೂರದ ದ್ವೀಪಕ್ಕೆ ಹೋಗಿಬಂದ ಹಡಗಿನ ತಂಡ ಪೆನ್ನಿನಲ್ಲೇ ಬರೆದಿದೆ. ನಲವತ್ತೊಂದು ಶೀಶೆ, ನಲವತ್ತೊಂದು ಬಿಳಿ ಚೀಟಿ. ಯಾವುದು ಎಲ್ಲಿಯದೆಂದು ಬೇರೆಲ್ಲೂ ಬರೆದಿಟ್ಟಿಲ್ಲ.

"ಒಂದು ಡಬ್ಬಿ ಪೆನ್ಸಿಲ್ ನಾನೇ ಕೆತ್ತಿ ಕೊಟ್ಟಿದ್ದೆ ಸ್ವಾಮಿ! ಹೋದ ಹಾಗೇ ವಾಪಸ್ ಬಂದಿದೆ. ಒಂದರ ಮೊನೆನೂ ಸವೆದಿಲ್ಲ."

ಅಷ್ಟರಲ್ಲಿ ಯೋಜನೆಯ ಮುಖ್ಯಸ್ಥರು ಒಳಬರುತ್ತಾರೆ. "ಅಕ್ಕ, ನೋಡಿದ್ರೆ ನಿಮಗೇ ಗೊತ್ತಾಗುತ್ತಲ್ಲ. ದ್ವೀಪದ ಹತ್ತಿರದ್ದು ಯಾವುದು, ದೂರದ್ದು ಯಾವುದು, ಬರೆದುಬಿಡಿ."

"ಹತ್ತಿರ ಏಡಿಮರಿ ಜಾಸ್ತಿ ಇವೆಯಾ ಅಂತ ತಾನೇ ಸಾರ್ ನೀವು ನೋಡೋಕೆ ಹೊರಟಿರೋದು? ಜಾಸ್ತಿ ಇರೋದನ್ನೆಲ್ಲ ನಾನೇ ಹತ್ತಿರದ್ದು ಅಂತ ಬರೆದ್ರೆ, ಉತ್ತರ ನೋಡ್ಕೊಂಡು ಲೆಕ್ಕ ಮಾಡಿದಂಗೆ ಆಗಲ್ವಾ?"

"ಆ ದ್ವೀಪಕ್ಕೆ ಹಡಗು ಮತ್ತೆ ಹೋಗೋದು ಆರು ವರ್ಷಕ್ಕೆ. ಅಲ್ಲೀವರೆಗೆ ನಾನೇನು ತೋರಿಸ್ಲಿ?"

"ಪೆನ್ ಹಿಡಿದೋರನ್ನ ಕೇಳಿ."

ಬಾಗಿಲು ದಡಾರನೆ ಮುಚ್ಚಿಕೊಳ್ಳುತ್ತದೆ. ಇವರ ನಿವೃತ್ತಿಗೆ ಇನ್ನೆರಡೇ ವರ್ಷ. ಆ ದ್ವೀಪದ ನೀರು ಇನ್ನೊಮ್ಮೆ ಇವರ ಮೇಜಿಗೆ ಬರುವುದಿಲ್ಲ. ಮಣಿದಿದ್ದರೆ ಇವರದೇ ಕೈಬರಹದ ದಾಖಲೆ ಎಲ್ಲೂ ಕಡಿಯದೆ ಪೂರ್ತಿಯಾಗುತ್ತಿತ್ತು.

ಆದರೂ ಎಣಿಸುತ್ತಾರೆ. ದೊಡ್ಡ ಪುಸ್ತಕದಲ್ಲಿ 'ಸ್ಥಳ' ಎಂಬಲ್ಲಿ ಮೂವತ್ತೆಂಟನೇ ಸಲ 'ತಿಳಿದಿಲ್ಲ' ಎಂದು ಬರೆದು ನಿಟ್ಟುಸಿರು ಬಿಡುತ್ತಾರೆ.

"ಮುಂದೆ ಯಾರೋ ಈ ಪುಟ ತೆಗೆದು ನನ್ನನ್ನೇ ಬೈತಾರೆ. ಬೈಲಿ ಬಿಡಿ. ಹಿಂದಿನ ಪುಟಗಳನ್ನ ನಂಬ್ತಾರಲ್ಲ, ಅಷ್ಟು ಸಾಕು."