ಗಡಿಯಾಚೆಯ ದನಿಗೆ ಕಿವಿಗೊಟ್ಟ ಜಿನೈದಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಿನೈದಾ ಪ್ರೊಖೊರೊವ್ನಾ ಯಂತ್ರಶಾಲೆಯ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಬರುತ್ತಾರೆ. ಕೈಯಲ್ಲಿ ಉದ್ದನೆಯ ಕಬ್ಬಿಣದ ಹಾರೆ. ಅದನ್ನು ಮೊದಲ ಯಂತ್ರದ ದಂಡಕ್ಕೆ ಸಿಕ್ಕಿಸಿ, ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾರೆ. ಒಳಗೆಲ್ಲೋ ಕಬ್ಬಿಣ ನರಳಿ, ದಂಡ ಅರ್ಧ ಸುತ್ತು ತಿರುಗುತ್ತದೆ. ಒಂದೇ ಭಂಗಿಯಲ್ಲಿ ಬಿಟ್ಟರೆ ದಂಡ ತನ್ನ ಭಾರಕ್ಕೇ ಬಾಗಿಹೋಗುತ್ತದಂತೆ.

"ಏನ್ ಪ್ರೊಖೊರೊವ್ನಾ, ಇವತ್ತೂ ಹೆಣಕ್ಕೆ ಮಗ್ಗುಲು ಬದಲಾಯಿಸ್ತಿದೀಯಾ?" ಕಾವಲುಗಾರ ಯೆಫಿಮ್ ಬಾಗಿಲಲ್ಲೇ ನಿಂತು ಕೆಣಕುತ್ತಾನೆ.

"ಹೆಣ ನಿಮ್ಮಪ್ಪ. ಬಂದು ಹಾರೆ ಹಿಡಿ, ಸೋಮಾರಿ."

ಯೆಫಿಮ್ ಗೊಣಗುತ್ತಲೇ ಬಂದು ಹಾರೆ ಹಿಡಿಯುತ್ತಾನೆ.

ಉತ್ತರದ ಹಿಮದ ಸೀಮೆಯಿಂದ ಯುರೋಪಿಗೆ ಹರಿಯುತ್ತಿದ್ದ ಗ್ಯಾಸನ್ನು ಒತ್ತಿ ಮುಂದಕ್ಕೆ ದಬ್ಬುತ್ತಿದ್ದ ಸ್ಟೇಷನ್ ಇದು. ಇಲ್ಲಿಂದ ಮುಂದೆ ಗಡಿ, ಆಚೆಗೆ ಉಕ್ರೇನಿನ ಸ್ಟೇಷನ್. ಯುದ್ಧ ಶುರುವಾದ ಮೇಲೂ ಗ್ಯಾಸ್ ನಿಂತಿರಲಿಲ್ಲ. ನೆಲದ ಮೇಲೆ ಗುಂಡು ಹಾರುತ್ತಿದ್ದರೂ ಕೊಳವೆ ತನ್ನ ಪಾಡಿಗೆ ಹರಿಯುತ್ತಿತ್ತು. ಕೊನೆಗೆ ಒಂದು ಹೊಸ ವರ್ಷದ ಬೆಳಿಗ್ಗೆ ಒಪ್ಪಂದ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ಸ್ಟೇಷನ್ ಸ್ತಬ್ಧವಾಯಿತು. ಅದರ ಬೆನ್ನಿಗೆ ಊರಿನ ಆಸ್ಪತ್ರೆ ಮುಚ್ಚಿತು, ಬೇಕರಿ ಮುಚ್ಚಿತು. ಕೆಲಸದವರು ಗುಳೆ ಎದ್ದರು. ಯಂತ್ರಗಳನ್ನು ಕಾಯಲು ಉಳಿದವರು ಬೆರಳೆಣಿಕೆಯ ಜನ.

"ಗ್ಯಾಸನ್ನೆಲ್ಲ ಇನ್ನು ಚೀನಾಕ್ಕೆ ಕೊಡ್ತೀವಿ ಅಂತ ಟೀವೀಲಿ ಹೇಳ್ತಾರೆ," ಯೆಫಿಮ್ ನಗುತ್ತಾನೆ. "ಈ ಕೊಳವೆ ಏನು ಹಾವಾ, ಬೇಕಾದಾಗ ಆ ಕಡೆ ತಲೆ ಹಾಕಿ ಮಲಗೋಕೆ?"

ಜಿನೈದಾ ಮದುವೆಯಾಗಿ ಈ ಊರಿಗೆ ಬಂದವರು. ಗಂಡ ಮಕಾರ್ ಇಲ್ಲೇ ವೆಲ್ಡರ್ ಆಗಿದ್ದ, ಹೃದಯ ನಿಂತು ಹೋದ. ಮಕ್ಕಳಾಗಲಿಲ್ಲ. ಮನೆಗೆ ಇವತ್ತಿಗೂ ಗ್ಯಾಸಿಲ್ಲ, ಬರ್ಚ್ ಮರದ ಸೌದೆಯೇ ಗತಿ. "ಅಂಗಳದ ಆಚೆಯಿಂದ್ಲೇ ವಿಯೆನ್ನಾದವರ ಗ್ಯಾಸ್ ಹೋಗ್ತಿತ್ತು. ನಾನು ಇಲ್ಲಿ ಕೊಡಲಿ ಹಿಡ್ಕೊಂಡು ನಿಂತಿರ್ತಿದ್ದೆ," ಎನ್ನುತ್ತಾರೆ. ಅದರಲ್ಲಿ ದೂರಿನ ದನಿಯಿಲ್ಲ.

ಗ್ಯಾಸ್ ಹರಿಯುತ್ತಿದ್ದ ಕಾಲದಲ್ಲಿ ಅವರ ನಿಜವಾದ ಕೆಲಸ ಹಾರೆಯದಲ್ಲ, ಫೋನಿನದು. ಪಾಳಿಯುದ್ದಕ್ಕೂ ಎರಡೆರಡು ಗಂಟೆಗೊಮ್ಮೆ ಗಡಿಯಾಚೆಯ ಸ್ಟೇಷನ್ನಿಗೆ ಕೊಳವೆಯ ಒತ್ತಡ ಎಷ್ಟಿದೆ ಎಂದು ಹೇಳಬೇಕು, ಅವರದನ್ನು ಕೇಳಿ "ಕೇಳಿಸಿತು" ಎನ್ನಬೇಕು. ಆ ತುದಿಯಲ್ಲಿ ಹನ್ನಾ ಇರುತ್ತಿದ್ದಳು. ಮೊದಮೊದಲು ಬರೀ ಅಂಕಿಗಳು. ಆಮೇಲೆ ಹನ್ನಾ ಬಸುರಿಯಾದಳು, ಅಂಕಿಗಳ ನಡುವೆ ಬಯಕೆ, ವಾಂತಿ ಎಲ್ಲ ಬಂದವು.

"ಅವಳ ಮಗ ಬೋಗ್ದಾನ್‌ಗೆ ಮೊದಲ ಹಲ್ಲು ಬಂದಾಗ ಅವನಪ್ಪನಿಗಿಂತ ಮುಂಚೆ ನನಗೆ ಗೊತ್ತಾಯ್ತು," ಎಂದು ನೆನೆಯುತ್ತಾರೆ ಜಿನೈದಾ. "ಮಾತು ಬಂದ ಮೇಲೆ, ಅಮ್ಮನ ಜೊತೆ ಸ್ಟೇಷನ್ನಿಗೆ ಬಂದಾಗ ಫೋನ್ ಕಸ್ಕೊಂಡು 'ಜೀನಾ ದೊಡ್ಡಮ್ಮಾ, ನಿಮ್ಮನೇಲಿ ಕರಡಿ ಇದ್ಯಾ?' ಅಂತ ಕೇಳೋನು. ಇದೆ ಕಣೋ, ಹೆಸ್ರು ಮಕಾರ್, ಗೊರಕೆ ಹೊಡೀತಿದೆ ಅಂತಿದ್ದೆ."

ಯುದ್ಧ ಬಂದದ್ದೇ ಆಜ್ಞೆಯೂ ಬಂತು. ಅಂಕಿ ಬಿಟ್ಟು ಒಂದಕ್ಷರ ಮಾತಾಡಕೂಡದು, ಎಲ್ಲವೂ ರೆಕಾರ್ಡ್ ಆಗುತ್ತದೆ. ಇಬ್ಬರೂ ಪಾಲಿಸಿದರು. ಹನ್ನಾಳ ಕೆಮ್ಮಿನಿಂದ ನೆಗಡಿಯೆಂದೂ, ಎಳೆದು ಆಡುವ ದನಿಯಿಂದ ನಿದ್ದೆಗೆಟ್ಟಿದ್ದಾಳೆಂದೂ ಇವರು ಊಹಿಸಿಕೊಳ್ಳುತ್ತಿದ್ದರು, ಅಷ್ಟೇ.

ಒಂದು ದಿನ ಬೆಳಗಿನ ಕರೆಯಲ್ಲಿ ಹನ್ನಾ ಅಂಕಿ ಹೇಳಿದಳು. "ಕೇಳಿಸಿತು" ಎಂದರು ಜಿನೈದಾ. ಫೋನ್ ಇಡುವ ಸದ್ದು ಬರಲಿಲ್ಲ.

"ಅಕ್ಕಾ, ಬೋಗ್ದಾನ್ ಹೋಗ್ಬಿಟ್ಟ."

ಪಕ್ಕದಲ್ಲೇ ಪಾಳಿ ಮುಖ್ಯಸ್ಥ ಅರ್ಕಾದಿ ಕೂತಿದ್ದ. ಬೇಡ ಎಂಬಂತೆ ತಲೆಯಾಡಿಸಿದ. ಜಿನೈದಾ ಅವನತ್ತ ಬೆನ್ನು ತಿರುಗಿಸಿದರು.

"ಹನ್ನಾ, ಮೊದ್ಲು ಕೂತ್ಕೋ. ಕೂತ್ಯಾ? ಅಳು ಕಣೇ. ನಾನು ಫೋನ್ ಇಡಲ್ಲ."

ಹನ್ನಾ ಅತ್ತಳು. ಅವಳ ಬಿಕ್ಕಳಿಕೆ ತಗ್ಗುವವರೆಗೂ ಇವರು ಫೋನನ್ನು ಕಿವಿಗೊತ್ತಿ ನಿಂತೇ ಇದ್ದರು. ಆ ವಾರವೇ ಅವರನ್ನು ಫೋನಿನ ಮೇಜಿನಿಂದ ಎಬ್ಬಿಸಿ, ಯಂತ್ರಶಾಲೆಯಲ್ಲಿ ಎಣ್ಣೆ ಒರೆಸುವ ಕೆಲಸಕ್ಕೆ ಹಾಕಿದರು. ಊರಲ್ಲಿ ಕೆಲವರು ಮಾತು ಬಿಟ್ಟರು. ಅಂಗಡಿಯ ಸಾಲಿನಲ್ಲಿ ಒಬ್ಬಾಕೆ "ಶತ್ರುವಿನ ಕಣ್ಣೀರು ಒರೆಸಿದೋಳು" ಎಂದು ಕೇಳಿಸುವಂತೆಯೇ ಅಂದಳಂತೆ.

ಪತ್ರಿಕೆಗೆಂದು ಅವರ ಕಥೆ ಬರೆದುಕೊಳ್ಳುತ್ತಿರುವ ನಾನು, ಹಾಗೇಕೆ ಮಾಡಿದಿರಿ ಎಂದು ಕೇಳುತ್ತೇನೆ. ಜಿನೈದಾ ಚಹಾದ ಲೋಟವನ್ನು ಕೆಳಗಿಡುತ್ತಾರೆ.

"ಆ ಹುಡುಗನ್ನ ಕೊಂದಿದ್ದು ನಮ್ಮ ಕಡೆಯವರ ಗುಂಡು. ಇದನ್ನ ಬೇರೆ ಥರ ಹೇಳೋಕೆ ನನಗೆ ಬರಲ್ಲ. ಅದಕ್ಕೆ 'ಕೇಳಿಸಿತು' ಅಂದು ಫೋನ್ ಇಟ್ಬಿಡ್ಲಾ?" ಆಮೇಲೆ ನನ್ನತ್ತ ನೋಡಿ, "ನನ್ ಹೆಸರು ಹಾಕ್ಕೊಳ್ಳಿ. ಊರಿನ ಹೆಸರು ಬೇಡ. ಪಾಪ, ಯೆಫಿಮ್ ಇಲ್ಲೇ ಬಾಳ್ಬೇಕಲ್ಲ," ಎನ್ನುತ್ತಾರೆ.

ಗ್ಯಾಸ್ ನಿಂತ ಆ ಬೆಳಿಗ್ಗೆ ಅರ್ಕಾದಿಯೇ ಯಂತ್ರಶಾಲೆಗೆ ಇಳಿದು ಬಂದ. ಕಣ್ಣಿಗೆ ಕಣ್ಣು ಕೊಡದೆ, "ಬನ್ನಿ, ಕೊನೇ ಕರೆ ನೀವೇ ಮಾಡಿ," ಎಂದ. ಫೋನ್ ಅವರ ಕೈಗಿತ್ತು ತಾನು ಸಿಗರೇಟು ಸೇದುವ ನೆಪದಲ್ಲಿ ಹೊರಗೆ ಹೋದ.

ಆ ತುದಿಯಲ್ಲಿ ಹನ್ನಾಳೇ ಇದ್ದಳು.

"ಹರಿವು ಸೊನ್ನೆ," ಎಂದರು ಜಿನೈದಾ.

"ಇಲ್ಲೂ ಸೊನ್ನೆ. ವಾಲ್ವ್ ಮುಚ್ಚಿದೀವಿ," ಎಂದಳು ಹನ್ನಾ. "ನಿಮ್ಮೋರನ್ನ ನಾನು ಕ್ಷಮಿಸಲ್ಲ ಅಕ್ಕಾ. ಯಾವತ್ತೂ ಕ್ಷಮಿಸಲ್ಲ."

"ಕ್ಷಮಿಸ್ಬೇಡ."

"ನಿನ್ ಮಂಡಿನೋವು ಹೇಗಿದೆ?"

"ಹಾಗೇ ಇದೆ ಕಣೇ."

ಅಲ್ಲಿಗೆ ತಂತಿ ಸತ್ತಿತು. ಯಾರು ಕಡಿದರೋ, ಇವರಿಗೆ ಗೊತ್ತಿಲ್ಲ. ಮತ್ತೆ ಸಂಪರ್ಕವಾಗಿಲ್ಲ. ಹನ್ನಾಳ ಊರಿನ ಮೇಲೆ ಬಾಂಬು ಬಿತ್ತು ಎಂದು ಒಮ್ಮೆ ಸುದ್ದಿಯಲ್ಲಿ ಕೇಳಿದರು. ಅವಳು ಉಳಿದಳೋ ಇಲ್ಲವೋ ಹೇಳುವವರು ಯಾರೂ ಇಲ್ಲ.

ಯಂತ್ರಗಳು ಮತ್ತೆ ಓಡುತ್ತವೆಯೇ ಎಂದು ಕೇಳಿದರೆ ಜಿನೈದಾ ಭುಜ ಕುಣಿಸುತ್ತಾರೆ. ದೊಡ್ಡವರು ಮಾತಾಡಿಕೊಂಡರೆ ಓಡಬಹುದು, ಇಲ್ಲದಿದ್ದರೆ ಗುಜರಿಗೆ. ಅವರಿಗೆ ಬೇಕಾಗಿರುವುದು ಬೇರೆಯೇ.

"ಇಷ್ಟು ವರ್ಷದಲ್ಲಿ ಅವಳ ಮುಖ ಒಂದ್ಸಲಾನೂ ನೋಡಿಲ್ಲ. ಎತ್ತರಾನೋ ಕುಳ್ಳೋ, ಅದೂ ಗೊತ್ತಿಲ್ಲ," ಎಂದು ತಲೆಯ ಮೇಲಿನ ಉಣ್ಣೆವಸ್ತ್ರವನ್ನು ಸರಿಮಾಡಿಕೊಳ್ಳುತ್ತಾರೆ. "ಎಲ್ಲ ಮುಗಿದ ಮೇಲೆ ಆ ಕಡೆ ಬಸ್ ಬಿಟ್ರೆ ಹೋಗ್ತೀನಿ. ಬಾಗಿಲು ತೆಗೀದೇ ಇದ್ರೂ ಪರವಾಗಿಲ್ಲ. 'ಯಾರು?' ಅಂತ ಒಳಗಿಂದ ಕೇಳಿದ್ರೆ ಸಾಕು, ಅವಳು ಬದುಕಿದಾಳೆ ಅಂತ ತಿಳ್ಕೊಂಡು ವಾಪಸ್ ಬಂದ್ಬಿಡ್ತೀನಿ."